ಫೋರೆನ್ಸಿಕ್ ರಸಾಯನಶಾಸ್ತ್ರಕ್ಕೆ ಹೋಗಬೇಕು, ಎಲ್‌ಸಿ-ಎಂಎಸ್ ಕೋರ್ಸ್ ಸೇರಲೇ?

ಕಾರವಾರದಲ್ಲಿ ಬಿ.ಎಸ್ಸಿ ಮುಗಿಸುತ್ತಿದ್ದೀರಿ, ಜಿಸಿ-ಎಂಎಸ್ (ಮಾದರಿಯನ್ನು ಆವಿಯಾಗಿಸಿ, ಬೇರ್ಪಡಿಸಿ, ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಕಲಿಯಲೇ, ಅದನ್ನೇ ದ್ರವರೂಪದಲ್ಲಿ ಮಾಡುವ ಎಲ್‌ಸಿ-ಎಂಎಸ್ ಕಲಿಯಲೇ, ಸಾಲ ಮಾಡಿ ಬೆಂಗಳೂರಿನ ಸರ್ಟಿಫಿಕೇಟ್ ಕೋರ್ಸಿಗೆ ಸೇರಲೇ ಎಂದು ಕೇಳಿದ್ದೀರಿ. ಶಿರಸಿಯಿಂದ ಹೊರಟಾಗ ನನ್ನ ತಲೆಯಲ್ಲೂ ಇದೇ ಪಟ್ಟಿಯಿತ್ತು. ಅಂಥದೇ ಒಂದು ಕೋರ್ಸ್ ಮಾಡಿಕೊಂಡೇ ಎಂ.ಎಸ್ಸಿಗೆ ಹೋದೆ.

ಅಲ್ಲಿ ಮಾರ್ಗದರ್ಶಕರು ಆಡಿನ ಯಕೃತ್ತನ್ನು ಅರೆದು ಒಂದಷ್ಟು ಶೀಷೆಗಳಲ್ಲಿ ಕೊಟ್ಟರು. ಕೆಲವಕ್ಕೆ ಕಾಸರಕದ ಬೀಜದ ಸಾರ ಸೇರಿಸಿದ್ದರು, ಕೆಲವಕ್ಕೆ ಇಲ್ಲ. ಯಾವುದರಲ್ಲಿ ವಿಷವಿದೆ ಎಂದು ನಾನು ಹೇಳಬೇಕಿತ್ತು. ಕಾಸರಕ ನಮ್ಮ ಜಿಲ್ಲೆಯ ಕಾಡಿನದೇ ಮರ. ಅದರ ಬೀಜದ ಸ್ಟ್ರಿಕ್ನಿನ್ ಜಿಸಿ-ಎಂಎಸ್‌ನಲ್ಲಿ 334 ತೂಕದ ಅಯಾನಾಗಿ (ವಿದ್ಯುದಂಶ ಪಡೆದ ಅಣುವಾಗಿ) ಎದ್ದು ಕಾಣುತ್ತದೆ. ಮೊದಲು ಗಾಢವಾದ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗೆಂದು ಇಟ್ಟ ಸ್ಟ್ರಿಕ್ನಿನ್ ದ್ರಾವಣ, ಹಾಕಿದೆ, 334 ಬಂತು. ಹಿಂದೆಯೇ ಮಾದರಿಗಳನ್ನು ಸಾಲಾಗಿ ಹಾಕಿದೆ. ಎಲ್ಲದರಲ್ಲೂ 334. ಯಂತ್ರದ ಲೈಬ್ರರಿಯಲ್ಲಿರುವ ಸ್ಟ್ರಿಕ್ನಿನ್ ನಮೂನೆಯೊಂದಿಗೆ ಹೋಲಿಕೆ ಚೆನ್ನಾಗಿತ್ತು, ಪೀಕ್ (ಗ್ರಾಫಿನ ಏರು) ಬರುವ ಸಮಯವೂ ತಾಳೆಯಾಯಿತು. ಎಲ್ಲ ಶೀಷೆಗಳಲ್ಲೂ ವಿಷವಿದೆ ಎಂದು ವರದಿ ಬರೆದುಕೊಟ್ಟೆ.

ನಡುವೆ ಒಮ್ಮೆಯೂ ಬರೀ ದ್ರಾವಕವನ್ನು, ಅಂದರೆ ಬ್ಲ್ಯಾಂಕನ್ನು, ಹಾಕಿರಲಿಲ್ಲ. ಸ್ಟ್ರಿಕ್ನಿನ್ ಪ್ರತ್ಯಾಮ್ಲ ಗುಣದ ಆಲ್ಕಲಾಯ್ಡ್ (ಸಸ್ಯಗಳಲ್ಲಿರುವ ಸಾರಜನಕಯುಕ್ತ ವಸ್ತು). ಮಾದರಿ ಒಳಹೋಗುವ ಇಂಜೆಕ್ಟರಿನೊಳಗಿನ ಗಾಜಿನ ಕೊಳವೆ, ಲೈನರ್, ಹಳೆಯದಾಗಿ, ಮಾಂಸದ ಜಿಡ್ಡು ಕೂತಿದ್ದರೆ ಮೊದಲು ಹಾಕಿದ ಗಾಢ ಸ್ಟ್ಯಾಂಡರ್ಡಿನ ಸ್ಟ್ರಿಕ್ನಿನ್ ಅಲ್ಲಿ ಅಂಟಿಕೊಳ್ಳುತ್ತದೆ, ಸಿರಿಂಜಿನಲ್ಲೂ ಉಳಿಯುತ್ತದೆ. ಮುಂದಿನ ಇಂಜೆಕ್ಷನ್ನುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಯಂತ್ರ ಕಂಡದ್ದು ಸ್ಟ್ರಿಕ್ನಿನ್ನನ್ನೇ. ಆದ್ದರಿಂದಲೇ ಲೈಬ್ರರಿಯಾಗಲಿ ಸಮಯವಾಗಲಿ ನನ್ನನ್ನು ತಡೆಯಲಿಲ್ಲ. ಏನಿದೆ ಎಂಬುದಕ್ಕೆ ಉತ್ತರ ಸರಿಯಿತ್ತು, ಎಲ್ಲಿಂದ ಬಂತು ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ವಿಷವಿಲ್ಲದ ಶೀಷೆಗಳಲ್ಲಿ ಪೀಕ್ ಒಂದಕ್ಕಿಂತ ಒಂದು ಗಿಡ್ಡವಾಗುತ್ತಾ ಹೋದದ್ದು ಪರದೆಯ ಮೇಲೆಯೇ ಇತ್ತು. ಮೊದಲು ಬ್ಲ್ಯಾಂಕ್, ಆಮೇಲೆ ವಿಷ ಸೇರಿಲ್ಲವೆಂದು ಗೊತ್ತಿರುವ ಯಕೃತ್ತು, ಪ್ರತಿ ಮಾದರಿಗೂ ಮುಂಚೆ ಮತ್ತೆ ಬ್ಲ್ಯಾಂಕ್, ಗಾಢ ಸ್ಟ್ಯಾಂಡರ್ಡ್ ಕಟ್ಟಕಡೆಗೆ: ಈ ಕ್ರಮ ನನ್ನ ಕೋರ್ಸಿನ ಯಾವ ಪಾಠದಲ್ಲೂ ಇರಲಿಲ್ಲ.

‘ಇದು ಮನುಷ್ಯನ ಯಕೃತ್ತಾಗಿದ್ದರೆ ಆ ಮನೆಯ ಒಬ್ಬರು ಇಷ್ಟು ಹೊತ್ತಿಗೆ ಜೈಲಿನಲ್ಲಿರುತ್ತಿದ್ದರು’ ಎಂದರು ಮಾರ್ಗದರ್ಶಕರು. ತರಬೇತಿಗೆ ಬೇಕಿದ್ದ ಶಿಫಾರಸು ಪತ್ರವನ್ನು ಕೊಡಲಿಲ್ಲ. ಆ ಅವಕಾಶ ಸಹಪಾಠಿಯೊಬ್ಬಳಿಗೆ ಹೋಯಿತು, ಹೋಗಬೇಕಾದದ್ದೂ ಅವಳಿಗೇ.

ಹಾಗಾಗಿ ಯಾವ ಯಂತ್ರ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲ್‌ಸಿ-ಎಂಎಸ್‌ಗೆ ಹೋದರೂ ಇದೇ ಕಷ್ಟ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ: ಮಾದರಿಯ ಜೊತೆ ಬಂದ ಕೊಬ್ಬು, ಲವಣಗಳು ಅಯಾನೀಕರಣವನ್ನು (ಅಣುಗಳು ವಿದ್ಯುದಂಶ ಪಡೆಯುವುದನ್ನು) ತಗ್ಗಿಸಿ, ಇರುವ ವಿಷವನ್ನೇ ಮರೆಮಾಡಬಲ್ಲವು. ಜುಲೈ 1, 2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನಂತೆ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ರಾಜ್ಯಗಳಿಗೆ ಇದನ್ನು ಜಾರಿಗೊಳಿಸಲು 5 ವರ್ಷಗಳವರೆಗೆ ಅವಕಾಶವಿದೆ. ಕೆಲಸ ಹೆಚ್ಚುತ್ತದೆ, ಪಾಟೀಸವಾಲೂ ಹೆಚ್ಚುತ್ತದೆ. ಅಲ್ಲಿ ವಕೀಲರು ಕೆದಕುವುದು ನಿಮ್ಮ ಬ್ಲ್ಯಾಂಕನ್ನು.

ಈಗಲೇ ಶುರುಮಾಡಲು ಅಡಿಕೆ ಸಾಕು. ಅದರ ಪುಡಿಯನ್ನು ಅಮೋನಿಯಾ ಹಾಕಿ ನೆನೆಸಿ, ಹೊಗೆ-ಆವಿಯನ್ನು ಹೊರಗೆಳೆಯುವ ಪ್ರಯೋಗಾಲಯದ ಹುಡ್ ಒಳಗೆ ಕ್ಲೋರೋಫಾರ್ಮ್‌ನಿಂದ ಸಾರ ತೆಗೆಯಿರಿ. ಇನ್ನೊಂದಷ್ಟು ಪುಡಿಯನ್ನು ಸುಣ್ಣದ ನೀರಿನಲ್ಲಿ ರಾತ್ರಿಯಿಡೀ ಇಟ್ಟು ಅದೇ ರೀತಿ ಮಾಡಿ. ಮೂರನೆಯದರಲ್ಲಿ ಅಡಿಕೆಯೇ ಬೇಡ, ಉಳಿದದ್ದೆಲ್ಲ ಇರಲಿ. ಮೂರನ್ನೂ ಒಂದೇ ಟಿಎಲ್‌ಸಿ ಫಲಕದ (ವಸ್ತುಗಳನ್ನು ಬೇರ್ಪಡಿಸುವ, ತೆಳು ಲೇಪವಿರುವ ಫಲಕ) ಮೇಲೆ ಓಡಿಸಿ, ಆಲ್ಕಲಾಯ್ಡ್‌ಗಳಿಗೆ ಬಣ್ಣ ತರುವ ಡ್ರಾಗೆಂಡಾರ್ಫ್ ಕಾರಕವನ್ನು ಸಿಂಪಡಿಸಿ. ಅಡಿಕೆಯ ಆಲ್ಕಲಾಯ್ಡ್ ಆದ ಅರಿಕೋಲಿನ್ ಇದ್ದಲ್ಲಿ ಕಿತ್ತಳೆ ಕಲೆ ಮೂಡುತ್ತದೆ. ಸುಣ್ಣ ಅರಿಕೋಲಿನ್ನನ್ನು ಅರಿಕೈಡಿನ್ ಆಗಿ ಒಡೆಯುತ್ತದೆ, ಅರಿಕೈಡಿನ್ ಕ್ಲೋರೋಫಾರ್ಮಿಗೆ ಬರುವುದಿಲ್ಲ. ಎರಡನೆಯ ಕಲೆ ಮಂಕಾಗಬೇಕು. ಮೂರನೆಯದರಲ್ಲೂ ಕಲೆ ಬಂದರೆ ಅದು ಎಲ್ಲಿಂದ ಬಂತೆಂದು ಹುಡುಕದೆ ಮುಂದಿನ ಫಲಕ ಮುಟ್ಟಬೇಡಿ.

ಸಾಲವನ್ನೇ ಮಾಡುವುದಾದರೆ ಧಾರವಾಡದಲ್ಲಿ ಕ್ಯಾಂಪಸ್ ಇರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದಂಥ ಕಡೆ ಪೂರ್ಣ ಪದವಿಗೆ ಮಾಡಿ, ಸರ್ಟಿಫಿಕೇಟ್ ಕೋರ್ಸಿಗೆ ಬೇಡ. ಅಡಿಕೆಯ ಫಲಕ ಸಿದ್ಧವಾದ ಮೇಲೆ ಮೂರೂ ಕಲೆಗಳ ಚಿತ್ರ ಹಾಕಿ, ನೋಡಿ ಹೇಳುತ್ತೇನೆ.