ಓದುಗರ ಪ್ರಶ್ನೆ, ನಮ್ಮ ಉತ್ತರ: ಜೋ ಲೂಯಿಸ್ ಇಂದು ರಿಂಗಿಗಿಳಿದರೆ?

ಪ್ರಶ್ನೆ: ಹಿಂದಿನ ಬಾಕ್ಸಿಂಗ್ ಚಾಂಪಿಯನ್‌ಗಳಾದ ಡೆಂಪ್ಸಿ, ಜೋ ಲೂಯಿಸ್, ಮಾರ್ಸಿಯಾನೊ ಇವರ ಹಳೆಯ ಪಂದ್ಯಗಳ ವಿಡಿಯೊ ನೋಡಿದೆ. ಇಂದಿನ ಆರೂವರೆ ಅಡಿ ಹೆವಿವೇಟ್‌ಗಳ ಮುಂದೆ ಆ ಶೈಲಿಗಳು ನಡೆಯುತ್ತವೆಯೇ? – ಹಾಸನದ ಓದುಗರು

ಉತ್ತರ: ಮೂವರದೂ ಮೂರು ಬಗೆಯ ಆಟ, ಹಾಗಾಗಿ ಒಂದೇ ಮಾತಿನಲ್ಲಿ ಹೌದು, ಇಲ್ಲ ಎನ್ನಲಾಗದು. ಲೂಯಿಸ್ ಶೈಲಿ ಇಂದಿಗೂ ಗೆಲ್ಲುತ್ತದೆ. ಮಾರ್ಸಿಯಾನೊ ಶೈಲಿ ಈ ತೂಕದಲ್ಲಿ ಗೆಲ್ಲುವುದು ಕಷ್ಟ. ಡೆಂಪ್ಸಿಯದರಲ್ಲಿ ಹೊಡೆತದ ವಿದ್ಯೆ ಉಳಿಯುತ್ತದೆ, ಇಡೀ ಆಟ ಉಳಿಯುವುದಿಲ್ಲ.

‘ಚಿಕ್ಕವನು ದೊಡ್ಡವನನ್ನು ಕೆಡವಬಲ್ಲ’ ಎನ್ನಲು ಎಲ್ಲರೂ ತೋರಿಸುವುದು 1919ರ ಜುಲೈ 4ರಂದು ಅಮೆರಿಕದ ಟೊಲೆಡೊದಲ್ಲಿ ನಡೆದ ಪಂದ್ಯವನ್ನು. ಸುಮಾರು 85 ಕೆ.ಜಿ.ಯ ಡೆಂಪ್ಸಿ, 111 ಕೆ.ಜಿ.ಯ ಅಂದಿನ ಚಾಂಪಿಯನ್ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ 7 ಸಲ ಕೆಡವಿದ. ಆದರೆ ಅಂದು, ಎದುರಾಳಿ ಬಿದ್ದಾಗ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ಕಟ್ಟುಪಾಡಿರಲಿಲ್ಲ. ವಿಲ್ಲರ್ಡ್ ಏಳುತ್ತಿದ್ದಂತೆ ಪಕ್ಕದಲ್ಲೇ ನಿಂತಿದ್ದ ಡೆಂಪ್ಸಿ ಮತ್ತೆ ಹೊಡೆದ. ವಿಲ್ಲರ್ಡ್‌ಗೆ ಆಗ 37 ವರ್ಷ, ಮೂರು ವರ್ಷಗಳಿಂದ ಪ್ರಶಸ್ತಿ ಪಣಕ್ಕಿಟ್ಟಿರಲಿಲ್ಲ. ಇಂದಿನ ಎತ್ತರದ ಆಟಗಾರ ಹಾಗಲ್ಲ; 12 ಸುತ್ತೂ ಕಾಲಾಡಿಸುತ್ತ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹೊಡೆಯುತ್ತಾನೆ.

ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದವನು. ಎತ್ತರ 5 ಅಡಿ 10 ಅಂಗುಲದ ಆಸುಪಾಸು, ತೋಳಳತೆ (ಚಾಚಿದ ಎರಡೂ ಕೈಗಳ ತುದಿಯಿಂದ ತುದಿಗೆ) ಸುಮಾರು 68 ಅಂಗುಲ. ಬಗ್ಗಿ ಒಳನುಗ್ಗಿ, ಎದುರಾಳಿಯ ತೋಳು, ಭುಜ, ಪಕ್ಕೆ, ಸಿಕ್ಕಿದ್ದಕ್ಕೆಲ್ಲ ಹೊಡೆದು ದಣಿಸಿ, 15 ಸುತ್ತಿನ ಪಂದ್ಯದಲ್ಲಿ ಕೊನೆಗೆ ಬಲಗೈಯಿಂದ ಮುಗಿಸುವುದು ಅವನ ಕ್ರಮ. ಈಗ ಸುತ್ತುಗಳು 12. ದಣಿಸಲು ಸಿಗುತ್ತಿದ್ದ 9 ನಿಮಿಷ ಅಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ತೊಡಕು ಕ್ಲಿಂಚ್. ವ್ಲಾದಿಮಿರ್ ಕ್ಲಿಚ್ಕೊ ಮಾಡುತ್ತಿದ್ದಂತೆ ಒಂದು ಜ್ಯಾಬ್, ಕೂಡಲೇ ಅಪ್ಪಿಕೊಂಡು ಕುತ್ತಿಗೆಯ ಮೇಲೆ ಮೈಭಾರ ಹಾಕುವುದು. 85 ಕೆ.ಜಿ.ಯವನು 110 ಕೆ.ಜಿ.ಯನ್ನು ಪ್ರತಿ ಸುತ್ತಿನಲ್ಲೂ ಐದಾರು ಸಲ ಹೊತ್ತರೆ ಅವನ ಕಾಲೇ ಮೊದಲು ಸೋಲುತ್ತದೆ. ಇಂದಾಗಿದ್ದರೆ ಅವನು ಹೆವಿವೇಟ್‌ಗಿಂತ ಕೆಳಗಿನ, 200 ಪೌಂಡ್ (ಸುಮಾರು 91 ಕೆ.ಜಿ.) ಮಿತಿಯ ಕ್ರೂಸರ್‌ವೇಟ್‌ನಲ್ಲಿ ಆಡುತ್ತಿದ್ದ, ಅಲ್ಲಿ ಅವನನ್ನು ತಡೆಯುವುದು ಯಾರಿಗೂ ಸುಲಭವಲ್ಲ.

ಲೂಯಿಸ್ ಮಾತು ಬೇರೆ. ಅವನ ಹೆಜ್ಜೆಗಳು ಚಿಕ್ಕವು, ಕಾಲು ಎಂದೂ ಒಂದಕ್ಕೊಂದು ಅಡ್ಡವಾಗುವುದಿಲ್ಲ, ಹೊಡೆತ ಕ್ರಮಿಸುವ ದೂರ ಕೆಲವೇ ಅಂಗುಲ. ಕೈಯನ್ನು ಹಿಂದಕ್ಕೆಳೆಯದೆ ಹೊಡೆಯುವುದರಿಂದ ಮುನ್ಸೂಚನೆ ಸಿಗದು, ಒಂದರ ಹಿಂದೆ ಮೂರು ಹೊಡೆತ ಬಂದರೂ ತೂಕ ಕದಲದು. ದೊಡ್ಡ ಆಳುಗಳಿಗೆ ಅವನು ಹೊಸಬನೂ ಅಲ್ಲ. 1935ರಲ್ಲಿ ಸುಮಾರು 118 ಕೆ.ಜಿ.ಯ ಕಾರ್ನೆರಾನನ್ನು 6ನೇ ಸುತ್ತಿನಲ್ಲಿ ಮುಗಿಸಿದ. 1942ರಲ್ಲಿ ಆರೂವರೆ ಅಡಿಯ ಬಡಿ ಬೇರ್ ಮೊದಲ ಸುತ್ತನ್ನೂ ದಾಟಲಿಲ್ಲ. ಒಂದು ದೋಷ ಮಾತ್ರ ತಿದ್ದಬೇಕಿತ್ತು. ಜ್ಯಾಬ್ ಹೊಡೆದ ಎಡಗೈಯನ್ನು ಕೆಳಗಿಂದ ವಾಪಸ್ ತರುತ್ತಿದ್ದ. ಅದನ್ನು ಗುರುತಿಸಿದ ಶ್ಮೆಲಿಂಗ್ 1936ರಲ್ಲಿ ಆ ಸಂದಿಗೇ ಬಲಗೈ ಹೊಡೆದು, 12ನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಇಂದಿನ ಕೋಚ್‌ಗಳು ಇಂಥದ್ದನ್ನು ವಿಡಿಯೊದಲ್ಲಿ ಒಂದೇ ಸಂಜೆ ಪತ್ತೆ ಹಚ್ಚುತ್ತಾರೆ.

ಪ್ರಶ್ನೆ: ಮುಹಮ್ಮದ್ ಅಲಿ ಕೈ ಇಳಿಬಿಟ್ಟು, ಮೈ ಹಿಂದಕ್ಕೆ ವಾಲಿಸಿ ಹೊಡೆತ ತಪ್ಪಿಸುತ್ತಿದ್ದರಲ್ಲ, 85 ಅಂಗುಲ ತೋಳಳತೆಯ ಟೈಸನ್ ಫ್ಯೂರಿ ಎದುರು ಅದು ಸಾಧ್ಯವೇ? – ಧಾರವಾಡದ ಓದುಗರು

ಉತ್ತರ: ವಾಲುವುದೊಂದನ್ನೇ ನೆಚ್ಚಿದರೆ ಆಗದು. ಅಲಿಗೇ ಅದು ತುಟ್ಟಿಯಾಗಿತ್ತು. 1963ರಲ್ಲಿ ಹೆನ್ರಿ ಕೂಪರ್, 1971ರ 15ನೇ ಸುತ್ತಿನಲ್ಲಿ ಫ್ರೇಜಿಯರ್, ಇಬ್ಬರೂ ಕೆಡವಿದ್ದು ಎಡಗೈ ಹುಕ್‌ನಿಂದ (ಪಕ್ಕದಿಂದ ಬಾಗಿ ಬರುವ ಹೊಡೆತ). ಆದರೆ ಅಲಿಯ ನಿಜವಾದ ಬಂಡವಾಳ ಕಾಲು. ಆ ಬಂಡವಾಳ ಇಂದಿಗೂ ಚಲಾವಣೆಯಲ್ಲಿದೆ ಎನ್ನಲು ಉಕ್ರೇನಿನ ಉಸಿಕ್‌ನನ್ನು ನೋಡಿ. ಅಲಿಯಂತೆಯೇ 6 ಅಡಿ 3 ಅಂಗುಲ ಎತ್ತರ, 78 ಅಂಗುಲ ತೋಳಳತೆ. 2024ರ ಮೇ 18ರಂದು ರಿಯಾದ್‌ನಲ್ಲಿ, ಸುಮಾರು 101 ಕೆ.ಜಿ. ತೂಗುತ್ತಿದ್ದ ಆತ 119 ಕೆ.ಜಿ.ಯ ಫ್ಯೂರಿಯನ್ನು ಸೋಲಿಸಿದ. ಎಡಗೈ ಆಟಗಾರನಾದ ಉಸಿಕ್ ತನ್ನ ಮುಂಗಾಲನ್ನು ಎದುರಾಳಿಯ ಮುಂಗಾಲಿನ ಹೊರಬದಿಗೆ ಇಡುತ್ತಾನೆ, ಒಂದೇ ಕಡೆ ನಿಲ್ಲುವುದಿಲ್ಲ, ಮೊದಲು ಹೊಟ್ಟೆಗೆ ಹೊಡೆದು ಎದುರಾಳಿಯ ಕೈ ಇಳಿಸುತ್ತಾನೆ. 9ನೇ ಸುತ್ತಿನಲ್ಲಿ ಹಗ್ಗಕ್ಕೆ ಒರಗಿದ ಫ್ಯೂರಿಗೆ, ಬಿದ್ದವನಿಗೆ ಮಾಡುವಂತೆಯೇ, ರೆಫರಿ ಎಣಿಕೆ ಮಾಡಬೇಕಾಯಿತು. ಎತ್ತರದ ಫ್ಯೂರಿಗೂ ವಾಲುವ ಅಭ್ಯಾಸವಿದೆ, ಅದೊಂದೇ ಅವನನ್ನು ಉಳಿಸಲಿಲ್ಲ ಎಂಬುದನ್ನು ಗಮನಿಸಿ.

ಪ್ರಶ್ನೆ: ಡೆಂಪ್ಸಿಯ ‘ಬೀಳುವ ಹೆಜ್ಜೆ’ ಕಲಿಯಬೇಕೆಂದಿದ್ದೇನೆ. ಹೇಗೆ? ಕಾಲೇಜು ಪಂದ್ಯಗಳಲ್ಲಿ ಉಪಯೋಗವಾದೀತೇ? – ಮಂಗಳೂರಿನ ವಿದ್ಯಾರ್ಥಿ

ಉತ್ತರ: ಖಂಡಿತ ಕಲಿಯಿರಿ. ಎಡಗಾಲು ಮುಂದಿಟ್ಟು ನಿಂತು ಮೈಭಾರವನ್ನು ಅದರ ಮೇಲೆ ತನ್ನಿ. ಈಗ ಭಾರವನ್ನು ಬಲಗಾಲಿಗೆ ಮರಳಿಸದೆ ಎಡಗಾಲನ್ನು ಥಟ್ಟನೆ ಎತ್ತಿ. ಆಸರೆ ತಪ್ಪಿದ ಮೈ ತಾನಾಗಿ ಮುಂದಕ್ಕೆ ಬೀಳುತ್ತದೆ. ಆ ಬೀಳುವಿಕೆಯ ಮೇಲೆಯೇ ಎಡ ಮುಷ್ಟಿ ನೇರ ಹೋಗಬೇಕು, ಪಾದ ನೆಲ ಮುಟ್ಟುವ ಕ್ಷಣಕ್ಕಿಂತ ಒಂದಿಷ್ಟು ಮೊದಲೇ ತಾಗಬೇಕು. ಪಾದ ಮೊದಲು ಊರಿದರೆ ಭಾರವನ್ನೆಲ್ಲ ನೆಲ ಹೀರಿಕೊಳ್ಳುತ್ತದೆ, ಮುಷ್ಟಿಯಲ್ಲಿ ಉಳಿಯುವುದು ತೋಳಿನ ಬಲವಷ್ಟೇ. ಹೊಸಬರೆಲ್ಲ ಮಾಡುವ ಇನ್ನೊಂದು ತಪ್ಪು, ಎತ್ತುವ ಮುನ್ನ ಬಲಗಾಲಿನ ಮೇಲೆ ವಾಲುವುದು. ಅದು ಎದುರಾಳಿಗೆ ಮೊದಲೇ ಸುದ್ದಿ ಕೊಟ್ಟಂತೆ. ಹೆಜ್ಜೆ ಒಂದು ಪಾದದುದ್ದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಉದ್ದವಾದರೆ, ಹೊಡೆತ ತಪ್ಪಿದಾಗ ತಲೆ ಮೊಣಕಾಲಿನಾಚೆ ಚಾಚಿ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ) ಸಿಗುತ್ತದೆ.

ಹೆಜ್ಜೆಯ ಅಳತೆಗೆ ನೆಲದಲ್ಲಿ ಸೀಮೆಸುಣ್ಣದಿಂದ ಎರಡು ಗೆರೆ ಎಳೆದು, ಮೊದಲ ವಾರ ಬರಿಗಾಳಿಗೆ, ದಿನಕ್ಕೆ 2 ನಿಮಿಷದ 3 ಸುತ್ತು ಅಭ್ಯಾಸ ಮಾಡಿ. ಬ್ಯಾಗ್ ಆಮೇಲೆ. ನಿಮ್ಮ ಪಂದ್ಯ 3 ನಿಮಿಷದ 3 ಸುತ್ತು ಮಾತ್ರ. ದಣಿಸುವ ಆಟಕ್ಕೆ ಅಲ್ಲಿ ಸಮಯವೇ ಇಲ್ಲ, ಮೊದಲ ಹೊಡೆತ ಸ್ಪಷ್ಟವಾಗಿ ತಾಗಿಸುವ ಈ ಹೆಜ್ಜೆ ಅಲ್ಲಿಗೆ ಹೇಳಿ ಮಾಡಿಸಿದಂತಿದೆ.

ಪ್ರಶ್ನೆ: ಡೆಂಪ್ಸಿಗಿಂತ ಹಿಂದಿನ ಹೆವಿವೇಟ್ ಚಾಂಪಿಯನ್ ಜಾಕ್ ಜಾನ್ಸನ್ ಕೈಗಳನ್ನು ಮುಂದೆ ಚಾಚಿ ನಿಲ್ಲುತ್ತಿದ್ದುದು ಏಕೆ? – ಅದೇ ವಿದ್ಯಾರ್ಥಿ

ಉತ್ತರ: ಅಂದಿನ ಚಿಕ್ಕ ಗ್ಲೌಸ್‌ನ ಹಿಂದೆ ಮುಖ ಅಡಗಿಸಲಾಗುತ್ತಿರಲಿಲ್ಲ. ಹಾಗಾಗಿ ಬರುವ ಹೊಡೆತವನ್ನು ದಾರಿಯಲ್ಲೇ ಅಂಗೈಯಿಂದ ತಟ್ಟುವುದು, ಎದುರಾಳಿಯ ರಟ್ಟೆ ಹಿಡಿಯುವುದು ಅವನ ರಕ್ಷಣೆ. 1915ರಲ್ಲಿ ಹವಾನಾದಲ್ಲಿ ಅವನು ಸೋತ ಪಂದ್ಯಕ್ಕೆ ಗೊತ್ತುಪಡಿಸಿದ್ದು 45 ಸುತ್ತು, ಮುಗಿದದ್ದು 26ರಲ್ಲಿ. ಅಷ್ಟು ಹೊತ್ತು ಆಡುವವನು ಶಕ್ತಿಯನ್ನೂ ಮುಷ್ಟಿಯ ಮೂಳೆಯನ್ನೂ ಉಳಿಸಿಕೊಳ್ಳಲೇಬೇಕು. ತಟ್ಟುವುದನ್ನು ಇಂದಿಗೂ ಬಳಸಬಹುದು. ರಟ್ಟೆ ಹಿಡಿದರೆ ಮಾತ್ರ ರೆಫರಿ ಎಚ್ಚರಿಸುತ್ತಾರೆ, ಮರುಕಳಿಸಿದರೆ ಅಂಕ ಕಳೆಯುತ್ತಾರೆ.