ಟೋಪಿ ಕಂಪನಿ ಕಟ್ಟಡದಲ್ಲಿ ಹುಟ್ಟಿದ ಹಾಡು: ಅಮೆರಿಕದ ಕಂಟ್ರಿ ಸಂಗೀತದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಕಾರ್ಟರ್ ಫ್ಯಾಮಿಲಿ ಅನ್ನೋ ಅಮೆರಿಕದ ಹಾಡುಗಾರರ ತಂಡದ ಬಗ್ಗೆ ಎರಡೇ ಎರಡು ಸಾಲು ಬರ್ದಿದ್ದೆ ನೋಡಿ, ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಎಲ್ಲಾದಕ್ಕೂ ಜಾಗ ಇಲ್ಲ, ಒಂದೇ ಥರದ್ದನ್ನೆಲ್ಲ ಸೇರಿಸಿ ಕೆಲವು ಆರಿಸಿದೀನಿ.

ಪ್ರಶ್ನೆ: ಸರ್, ಕಂಟ್ರಿ, ಓಲ್ಡ್-ಟೈಮ್, ಬ್ಲೂಗ್ರಾಸ್ ಅಂತ ಮೂರು ಹೆಸರು ಹೇಳ್ತಾರೆ. ನನ್ನ ಕಿವಿಗೆ ಮೂರೂ ಒಂದೇ ಥರ ಕೇಳ್ಸುತ್ತೆ. ವ್ಯತ್ಯಾಸ ಹೇಗೆ ಗೊತ್ತಾಗೋದು?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ, ಮೂರೂ ಒಂದೇ ಮನೆ ಮಕ್ಕಳು. ಕೇಳುವಾಗ ಯಾರು ಮುಂದೆ ಬರ್ತಿದಾರೆ ಅನ್ನೋದನ್ನ ಗಮನಿಸಿ. ಓಲ್ಡ್-ಟೈಮ್‌ನಲ್ಲಿ ಯಾರೂ ಮುಂದೆ ಬರಲ್ಲ. ಫಿಡಲ್, ಬ್ಯಾಂಜೋ (ಚರ್ಮ ಬಿಗಿದ ದುಂಡನೆ ತಂತಿವಾದ್ಯ), ಗಿಟಾರ್ ಎಲ್ಲಾ ಸುತ್ತ ಕೂತು ಒಂದೇ ಟ್ಯೂನನ್ನ ತಿರುಗಿಸಿ ತಿರುಗಿಸಿ ನುಡಿಸ್ತಾರೆ, ಎಂಟು ತಾಳದಾವರ್ತದ, ಅಂದ್ರೆ ಎಂಟು ಬಾರ್‌ನ ಒಂದು ಭಾಗ ಎರಡು ಸಲ, ಆಮೇಲೆ ಇನ್ನೊಂದು ಭಾಗ ಎರಡು ಸಲ, ಮತ್ತೆ ಮೊದಲಿಂದ, ಹೀಗೇ ಹತ್ತು ನಿಮಿಷ ಬೇಕಾದ್ರೂ ಹೋಗುತ್ತೆ ಯಾಕಂದ್ರೆ ಅದು ಇರೋದೇ ಕುಣಿಯೋರಿಗೋಸ್ಕರ. ಮುಗಿಸ್ಬೇಕು ಅನ್ನಿಸಿದಾಗ ಫಿಡಲ್‌ನವನು ಬಾಯಲ್ಲಿ ಏನೂ ಹೇಳಲ್ಲ, ಕೂತಲ್ಲೇ ಒಂದು ಕಾಲು ಎತ್ತುತ್ತಾನೆ, ಇದೇ ಕೊನೇ ಸುತ್ತು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಬ್ಲೂಗ್ರಾಸ್ ಆಮೇಲೆ ಬಂದದ್ದು. ಕೆಂಟಕಿಯ ಬಿಲ್ ಮನ್ರೋ ತನ್ನ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟಿದ್ದ, ಆ ಹೆಸರೇ ಸಂಗೀತಕ್ಕೂ ಅಂಟ್ಕೊಳ್ತು. 1945ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಅನ್ನೋ ಹುಡುಗ ಮೂರು ಬೆರಳಲ್ಲಿ ಬ್ಯಾಂಜೋ ಮಳೆ ಸುರಿಸ್ಕೊಂಡು ಆ ತಂಡಕ್ಕೆ ಸೇರಿದ ಮೇಲೆ ಆಟವೇ ಬದಲಾಯ್ತು. ಇಲ್ಲಿ ಒಬ್ಬೊಬ್ಬರು ಸರದಿ ಪ್ರಕಾರ ಮೈಕ್ ಹತ್ರ ಬಂದು ಕೈಚಳಕ ತೋರಿಸಿ ಹಿಂದೆ ಸರಿತಾರೆ. ಕಂಟ್ರಿ ಅಂದ್ರೆ ರೆಕಾರ್ಡು, ರೇಡಿಯೋ ಬೆಳೆಸಿದ ಮಗು, ಅಲ್ಲಿ ಹಾಡೋರೇ ಮುಂದೆ, ಮಿಕ್ಕಿದ್ದೆಲ್ಲ ಹಿಂದೆ. ನನ್ನ ಒಲವು ಓಲ್ಡ್-ಟೈಮ್ ಕಡೆಗೆ, ಅದನ್ನ ಮುಚ್ಚಿಡೋದೇನೂ ಇಲ್ಲ.

ಪ್ರಶ್ನೆ: ಫಿಡಲ್ ಬೇರೆ, ವಯಲಿನ್ ಬೇರೆನಾ?

ಉತ್ತರ: ಒಂದೇ ವಾದ್ಯ. ನುಡಿಸೋ ರೀತಿ ಬೇರೆ. ಹಳೇ ಫಿಡಲ್‌ನವರು ತಂತಿಗಳನ್ನ ಮಾಮೂಲಿ ಶ್ರುತಿ ಬಿಟ್ಟು ಎ-ಇ-ಎ-ಇ ಅನ್ನೋ ಸ್ವರಗಳಿಗೆ ಕಟ್ಕೊಂಡು ಪಕ್ಕದ ಖಾಲಿ ತಂತಿ ಸದಾ ಗುಂಯ್ ಅಂತಿರೋ ಹಾಗೆ ಮಾಡ್ತಿದ್ರು. ಕೆಲವರು ಒಳಗೆ ರ‍್ಯಾಟಲ್ ಹಾವಿನ ಬಾಲದ ಗಿಲಕಿ ಹಾಕಿಡ್ತಿದ್ರು. ಅದರಿಂದ ನಾದ ಚೆನ್ನಾಗಾಗುತ್ತೆ ಅನ್ನೋರೂ ಇದ್ರು, ಇಲಿ ಬರಲ್ಲ ಅನ್ನೋರೂ ಇದ್ರು.

ಪ್ರಶ್ನೆ: ಕಂಟ್ರಿ ಸಂಗೀತ 1927ರಲ್ಲಿ ಬ್ರಿಸ್ಟಲ್ ಅನ್ನೋ ಊರಲ್ಲಿ ಹುಟ್ತು ಅಂತ ಓದಿದೆ. ಒಂದು ಸಂಗೀತ ಹೀಗೆ ತಾರೀಖು ಹಾಕ್ಕೊಂಡು ಹುಟ್ಟುತ್ತಾ?

ಉತ್ತರ: ಸಂಗೀತ ಹುಟ್ಟಲ್ಲ, ವ್ಯಾಪಾರ ಹುಟ್ಟುತ್ತೆ. ಬ್ರಿಸ್ಟಲ್‌ಗಿಂತ ಮುಂಚೆನೇ ರೆಕಾರ್ಡುಗಳು ಬಂದಿದ್ವು. 1922ರಲ್ಲೇ ಟೆಕ್ಸಸ್‌ನ ಎಕ್ ರಾಬರ್ಟ್‌ಸನ್ ನ್ಯೂಯಾರ್ಕಿಗೆ ಹೋಗಿ ವಿಕ್ಟರ್ ಕಂಪನಿಗೆ ಫಿಡಲ್ ನುಡಿಸಿ ಬಂದಿದ್ದ. ಮರುವರ್ಷ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಸರದಿ. ಅವನನ್ನ ಕರ್ಕೊಂಡು ಬಂದದ್ದು ಪೋಕ್ ಬ್ರಾಕ್‌ಮನ್ ಅನ್ನೋ ಫರ್ನಿಚರ್ ಅಂಗಡಿಯವನು. ಫರ್ನಿಚರ್ ಅಂಗಡಿ ಯಾಕೆ ಅಂದ್ರೆ ಗ್ರಾಮಫೋನು ಆಗ ಮರದ ಪೆಟ್ಟಿಗೆಯ ದೊಡ್ಡ ಸಾಮಾನು, ಕುರ್ಚಿ ಮಂಚದ ಜೊತೆಗೇ ಮಾರ್ತಿದ್ರು, ಗ್ರಾಮಫೋನು ತಗೊಂಡೋರಿಗೆ ರೆಕಾರ್ಡೂ ಬೇಕಲ್ವಾ. ರೆಕಾರ್ಡ್ ಮಾಡಿದ ರಾಲ್ಫ್ ಪೀರ್‌ಗೆ ಕಾರ್ಸನ್ ಗಂಟಲು ಸ್ವಲ್ಪವೂ ಹಿಡಿಸ್ಲಿಲ್ಲ, ಆದ್ರೆ ಬ್ರಾಕ್‌ಮನ್ ತಗೊಂಡ 500 ಪ್ರತಿ ಖರ್ಚಾಗಿ ಇನ್ನೂ ಬೇಕು ಅಂದಾಗ ಪೀರ್ ಬಾಯಿ ಮುಚ್ಕೊಂಡ. ಹಳ್ಳಿ ಜನರ ಹಾಡಿಗೆ ಹಳ್ಳಿ ಜನರೇ ಕಾಸು ಕೊಡ್ತಾರೆ ಅನ್ನೋದು ಅವನಿಗೆ ಗೊತ್ತಾಗಿದ್ದು ಆವಾಗ.

ಅದೇ ಪೀರ್ 1927ರ ಜುಲೈ 25ಕ್ಕೆ ಬ್ರಿಸ್ಟಲ್‌ನಲ್ಲಿ ಕೆಲಸ ಶುರು ಮಾಡಿದ. ಟೆನ್ನೆಸ್ಸೀ, ವರ್ಜೀನಿಯಾ ಎರಡೂ ರಾಜ್ಯದಲ್ಲಿ ಹರಡ್ಕೊಂಡಿರೋ ಊರು ಅದು, ಮುಖ್ಯ ರಸ್ತೆ ಮಧ್ಯದಲ್ಲೇ ಗಡಿ ಹೋಗುತ್ತೆ. ಒಂದು ಟೋಪಿ ಕಂಪನಿಯ ಕಟ್ಟಡ ಹಿಡಿದು, ಒಳಗೆಲ್ಲ ಕಂಬಳಿ ತೂಗುಹಾಕಿ ಪ್ರತಿಧ್ವನಿ ಬರದ ಹಾಗೆ ಮಾಡಿ, ಮೇಣದ ತಟ್ಟೆ ಮೇಲೆ ರೆಕಾರ್ಡಿಂಗ್. ಮೊದಲು ಜನ ಅಷ್ಟಾಗಿ ಬರ್ಲಿಲ್ಲ. ಆಮೇಲೆ ಅಲ್ಲಿನ ಪೇಪರ್‌ನಲ್ಲಿ ಅರ್ನೆಸ್ಟ್ ಸ್ಟೋನ್‌ಮನ್ ಅನ್ನೋ ಗಾಯಕನಿಗೆ ಹಿಂದಿನ ವರ್ಷ 3,600 ಡಾಲರ್ ರಾಯಲ್ಟಿ ಸಿಕ್ಕಿತ್ತು ಅನ್ನೋ ಸುದ್ದಿ ಬಂತು ನೋಡಿ, ಗುಡ್ಡದ ಕಡೆಯಿಂದ ವಾದ್ಯ ಹಿಡ್ಕೊಂಡು ಜನ ಇಳಿದ್ರು. ಹಾಡಿಗೆ 50 ಡಾಲರ್ ಕೈಗೆ, ಮೇಲೆ ಮಾರಾಟ ಆದಷ್ಟಕ್ಕೂ ಒಂದೆರಡು ಸೆಂಟ್ ರಾಯಲ್ಟಿ. ಪೀರ್ ಏನು ದಾನಶೂರ ಅಲ್ಲ, ರೆಕಾರ್ಡ್ ಕಂಪನಿಯಿಂದ ಸಂಬಳವೇ ಬೇಡ ಹಾಡುಗಳ ಹಕ್ಕು ನನಗಿರ್ಲಿ ಅಂತ ಒಪ್ಪಂದ ಮಾಡ್ಕೊಂಡಿದ್ದ ಆಸಾಮಿ.

ಆಗಸ್ಟ್ 1ಕ್ಕೆ ಕಾರ್ಟರ್‌ಗಳು ಬಂದ್ರು: ಎ.ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ 18 ವರ್ಷ, ತುಂಬು ಬಸುರಿ, ಗುಡ್ಡದ ಹದಗೆಟ್ಟ ರೋಡಲ್ಲಿ ಕಾರಲ್ಲಿ ಕುಲುಕಾಡ್ಕೊಂಡು ಬಂದು ಸಂಜೆ ಗಿಟಾರ್ ಹಿಡಿದು ಕೂತಳು. ಆ ಸಂಜೆ ನಾಲ್ಕು ಹಾಡು, ಮಾರನೇ ಬೆಳಿಗ್ಗೆ ಎ.ಪಿ. ಬರ್ಲೇ ಇಲ್ಲ, ಹೆಂಗಸರಿಬ್ಬರೇ ಇನ್ನೆರಡು ಹಾಡಿ ಮುಗಿಸಿದ್ರು. ಆಗಸ್ಟ್ 4ಕ್ಕೆ ಜಿಮ್ಮಿ ರಾಜರ್ಸ್. ಮಿಸಿಸಿಪ್ಪಿಯವನು, ರೈಲ್ವೇಲಿ ಬ್ರೇಕ್‌ಮನ್ ಕೆಲಸ ಮಾಡಿದ್ದವನು, ಕ್ಷಯ ಹಿಡಿದು ಆ ಕೆಲಸ ಬಿಟ್ಟಿದ್ದ. ರೆಕಾರ್ಡ್ ಮೇಲೆ ಯಾರ ಹೆಸರು ಬರ್ಬೇಕು ಅನ್ನೋ ಜಗಳದಲ್ಲಿ ಜೊತೆಗಾರರು ಕೈಕೊಟ್ರು, ಒಬ್ಬನೇ ಗಿಟಾರ್ ಇಟ್ಕೊಂಡು ಎರಡು ಹಾಡಿದ. ಜಗಳ ಆಗದೇ ಇದ್ದಿದ್ರೆ ತಂಡದಲ್ಲಿ ಒಬ್ಬನಾಗಿ ಕಳೆದುಹೋಗ್ತಿದ್ನೇನೋ ಅಂತ ನನಗೆ ಆಗಾಗ ಅನ್ಸುತ್ತೆ. ಒಟ್ಟು 19 ತಂಡ, 76 ಹಾಡು, ಹನ್ನೆರಡು ದಿನದ ಒಳಗೆ.

ಪ್ರಶ್ನೆ: ಇದು ಬಿಳಿಯರ ಸಂಗೀತ ತಾನೆ? ಬ್ಲೂಸ್ ಕರಿಯರದ್ದು, ಕಂಟ್ರಿ ಬಿಳಿಯರದ್ದು ಅಂತ ನಮ್ಮ ಗೆಳೆಯರ ಬಳಗದಲ್ಲಿ ದೊಡ್ಡ ವಾದ ನಡೀತಿದೆ, ನೀವೇ ತೀರ್ಪು ಕೊಡಿ.

ಉತ್ತರ: ಆ ಗೆರೆ ಎಳೆದದ್ದು ಹಾಡೋರಲ್ಲ, ರೆಕಾರ್ಡ್ ಕಂಪನಿಗಳು. ಕೊಲಂಬಿಯಾ ಕಂಪನಿ ಕರಿಯ ಗಾಯಕರಿಗೆ 14000ದಿಂದ ಶುರುವಾಗೋ ನಂಬರು, ಬಿಳಿ ಹಳ್ಳಿಗರಿಗೆ 15000ದಿಂದ ಶುರುವಾಗೋ ನಂಬರು ಕೊಡ್ತು, ಅಂಗಡಿಯಲ್ಲಿ ಬೇರೆ ಬೇರೆ ಪಟ್ಟಿ. ಪಟ್ಟಿ ಬೇರೆ ಆದ ಮೇಲೆ ಜನ ಸಂಗೀತವೇ ಬೇರೆ ಅಂದ್ಕೊಂಡ್ರು.

ಬ್ಯಾಂಜೋನೇ ತಗೊಳ್ಳಿ. ಅದರ ಪೂರ್ವಜರು ಪಶ್ಚಿಮ ಆಫ್ರಿಕಾದವರು, ಗುಲಾಮರಾಗಿ ಬಂದವರ ನೆನಪಲ್ಲಿ ಬಂದದ್ದು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ವಾದ್ಯ ನೋಡಿ: ಸೋರೆಬುರುಡೆಗೆ ಚರ್ಮ ಬಿಗಿದು ಒಂದು ಕೋಲು ಸಿಕ್ಕಿಸಿ ಮೂರು ತಂತಿ ಕಟ್ಟಿರ್ತಾರೆ, ಅದರಲ್ಲಿ ಒಂದು ತಂತಿ ಗಿಡ್ಡ. ನುಡಿಸೋದು ಉಗುರಿನಿಂದ ಮೇಲಿಂದ ಕೆಳಕ್ಕೆ ಹೊಡೆದು, ಕೂಡಲೇ ಹೆಬ್ಬೆರಳಿಂದ ಆ ಗಿಡ್ಡ ತಂತಿ ಮೀಟಿ. ಈಗ ಅಮೆರಿಕದ ಅಪಲೇಚಿಯನ್ ಗುಡ್ಡಗಳ ಬ್ಯಾಂಜೋದವರ ಕೈ ನೋಡಿ, ಕ್ಲಾಹ್ಯಾಮರ್ ಅಂತಾರಲ್ಲ, ಅದೇ ಉಗುರು, ಅದೇ ಹೆಬ್ಬೆರಳು, ಅದೇ ಗಿಡ್ಡ ತಂತಿ.

ಮನುಷ್ಯರ ವಿಷಯಕ್ಕೆ ಬಂದ್ರೆ ಎ.ಪಿ. ಕಾರ್ಟರ್ ಹಾಡು ಹುಡುಕ್ಕೊಂಡು ಊರೂರು ಅಲೀವಾಗ ಜೊತೆಗಿದ್ದದ್ದು ಲೆಸ್ಲಿ ರಿಡಲ್ ಅನ್ನೋ ಕರಿಯ ಗಿಟಾರ್ ವಾದಕ. ಸಿಮೆಂಟ್ ಫ್ಯಾಕ್ಟರಿ ಅಪಘಾತದಲ್ಲಿ ಒಂದು ಕಾಲು ಹೋಗಿತ್ತು. ಯಾರದೋ ಮನೆಗೆ ಹೋಗಿ ಕೂತಾಗ ಎ.ಪಿ. ಸಾಹಿತ್ಯ ಬರ್ಕೊಳ್ತಿದ್ದ, ರಾಗ ನೆನಪಿಟ್ಕೊಳ್ಳೋದು ರಿಡಲ್ ಕೆಲಸ, ಅವನೇ ಎ.ಪಿ.ಯ ಟೇಪ್ ರೆಕಾರ್ಡರ್. ರೆಕಾರ್ಡಿನ ಮೇಲೆ ಹೆಸರು ಮಾತ್ರ ಎ.ಪಿ. ಕಾರ್ಟರ್‌ದು. ಆಮೇಲಿನ ಕಾಲದ ದೊಡ್ಡ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ಅಲಬಾಮಾದ ಬೀದಿಯಲ್ಲಿ ಗಿಟಾರ್ ಹೇಳ್ಕೊಟ್ಟದ್ದು ಟೀ-ಟಾಟ್ ಅಂತ ಕರೀತಿದ್ದ ಕರಿಯ ಗಾಯಕ ರೂಫಸ್ ಪೇನ್. 1930ರಲ್ಲಿ ಜಿಮ್ಮಿ ರಾಜರ್ಸ್ ಜೊತೆ ಒಂದು ಯೋಡೆಲ್ ಹಾಡಿಗೆ (ಗಂಟಲನ್ನ ಥಟ್ಟನೆ ಮೇಲೆ ಕೆಳಗೆ ಹಾರಿಸಿ ಹಾಡೋದು ಯೋಡೆಲ್) ಟ್ರಂಪೆಟ್ ಊದಿದ್ದು ಸಾಕ್ಷಾತ್ ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್.

ಇನ್ನು ಮೌತ್ ಆರ್ಗನ್ ನುಡಿಸ್ತಿದ್ದ ಕರಿಯ ಕಲಾವಿದ ಡಿಫೋರ್ಡ್ ಬೇಲಿ ಕಥೆ. ನ್ಯಾಶ್‌ವಿಲ್‌ನಲ್ಲಿ ಒಂದು ವಿಮಾ ಕಂಪನಿ ನಡೆಸ್ತಿದ್ದ ರೇಡಿಯೋ ಸ್ಟೇಷನ್‌ನಲ್ಲಿ 1925ರ ನವೆಂಬರ್‌ನಲ್ಲಿ ಒಂದು ಶನಿವಾರದ ಕಾರ್ಯಕ್ರಮ ಶುರುವಾಯ್ತು, 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಫಿಡಲ್‌ನಿಂದ. 1927ರಲ್ಲಿ ಒಂದು ರಾತ್ರಿ ಇದಕ್ಕಿಂತ ಮುಂಚೆ ಇದ್ದದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ. ಅದು ಮುಗಿದ ಮೇಲೆ ಬೇಲಿ ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿದ, ದೂರದಿಂದ ಶಿಳ್ಳೆ, ಹತ್ರ ಬರೋ ಗಾಲಿ ಸದ್ದು, ಎಲ್ಲಾ ಒಂದೇ ಉಸಿರಿನ ಆಟ. ನಿರೂಪಕ ಜಾರ್ಜ್ ಹೇ ತಮಾಷೆಗೆ, ಇಷ್ಟು ಹೊತ್ತು ಗ್ರ್ಯಾಂಡ್ ಆಪೆರಾ ಕೇಳಿದ್ರಿ ಇನ್ಮುಂದೆ ಗ್ರ್ಯಾಂಡ್ ಓಲ್ ಆಪ್ರಿ (ಆಪೆರಾ ಅನ್ನೋದರ ಹಳ್ಳಿ ಉಚ್ಚಾರ) ಅನ್ನೋ ಅರ್ಥದಲ್ಲಿ ಮಾತು ಬಿಟ್ಟ, ಆ ಹೆಸರೇ ಇವತ್ತಿಗೂ ಉಳ್ಕೊಂಡಿದೆ. ಅಂದ್ರೆ ಕಂಟ್ರಿ ಸಂಗೀತದ ಅತಿ ದೊಡ್ಡ ವೇದಿಕೆಗೆ ಹೆಸರು ಬಿದ್ದದ್ದು ಒಬ್ಬ ಕರಿಯ ಕಲಾವಿದನ ವಾದನದ ಬೆನ್ನಿಗೆ. ಪ್ರವಾಸ ಹೋದಾಗ ಮಿಕ್ಕವರು ಇಳ್ಕೊಳ್ಳೋ ಹೋಟೆಲಲ್ಲಿ ಅವನಿಗೆ ರೂಮ್ ಕೊಡ್ತಿರ್ಲಿಲ್ಲ. 1941ರಲ್ಲಿ ಕೆಲಸದಿಂದ ತೆಗೆದ್ರು, ಆಮೇಲೆ ಬೂಟ್ ಪಾಲಿಶ್ ಅಂಗಡಿ ಇಟ್ಕೊಂಡು ಬದುಕಿದ, 1982ರಲ್ಲಿ ತೀರ್ಕೊಂಡ. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ. ನಿಮ್ಮ ಗೆಳೆಯರಿಗೆ ಇಷ್ಟು ಓದಿ ಹೇಳಿ, ವಾದ ನಿಲ್ಲುತ್ತೋ ಇನ್ನೂ ಜೋರಾಗುತ್ತೋ ಗೊತ್ತಿಲ್ಲ.

ಪ್ರಶ್ನೆ: ಮೇಬೆಲ್ ಕಾರ್ಟರ್ ಗಿಟಾರ್ ಕೇಳಿದ್ರೆ ಇಬ್ಬರು ನುಡಿಸ್ತಿದಾರೆ ಅನ್ಸುತ್ತೆ. ನಾನು ಹೊಸದಾಗಿ ಗಿಟಾರ್ ಕಲೀತಿದೀನಿ, ಅದು ನನಗೆ ಬರುತ್ತಾ?

ಉತ್ತರ: ಬರುತ್ತೆ, ಆದ್ರೆ ಮೊದಲು ಹೆಬ್ಬೆರಳಿಗೆ ಕೆಲಸ ಕಲಿಸ್ಬೇಕು. ಸಾಮಾನ್ಯವಾಗಿ ನಾವು ಸಣ್ಣ ತಂತಿಗಳಲ್ಲಿ ರಾಗ ಹುಡುಕ್ತೀವಿ. ಮೇಬೆಲ್ ಉಲ್ಟಾ ಮಾಡಿದಳು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡಿನ ರಾಗ ನುಡಿಸುತ್ತೆ, ಆ ಸ್ವರಗಳ ಮಧ್ಯೆ ಸಿಗೋ ಸಂದಿನಲ್ಲಿ ತೋರುಬೆರಳು ಸಣ್ಣ ತಂತಿಗಳನ್ನ ಸವರಿ ತಾಳ ಹಾಕುತ್ತೆ. ಕಾರ್ಟರ್ ಸ್ಕ್ರ್ಯಾಚ್ ಅಂತಾರೆ ಇದಕ್ಕೆ. ಸಿ ಕಾರ್ಡ್ ಹಿಡಿದು ನಿಮಗೆ ಬಾಯಿಗೆ ಬರೋ ಯಾವುದಾದ್ರೂ ಸುಲಭದ ರಾಗವನ್ನ ದಪ್ಪ ತಂತಿಗಳಲ್ಲೇ ಹುಡುಕಿ, ಸವರೋದು ಆಮೇಲೆ ಸೇರಿಸಿ, ಅವಸರ ಮಾಡಿದ್ರೆ ಎರಡೂ ಕೆಡುತ್ತೆ, ನನ್ನದು ಮೂರು ತಿಂಗಳು ಕೆಟ್ಟಿತ್ತು. ಮೇಬೆಲ್ ಕಾಲದವರೆಗೆ ಗಿಟಾರ್ ಅಂದ್ರೆ ಹಿಂದೆ ನಿಂತು ತಾಳ ಹಾಕೋ ವಾದ್ಯ ಅಂತಿದ್ದದ್ದನ್ನ ಮುಂದಕ್ಕೆ ತಂದವರಲ್ಲಿ ಈಕೆ ಮೊದಲ ಸಾಲಿನವಳು. ರಾಯಲ್ಟಿ ದುಡ್ಡು ಬರೋಕೆ ಶುರುವಾದ ಮೇಲೆ 1928ರಲ್ಲಿ 275 ಡಾಲರ್ ಕೊಟ್ಟು ಗಿಬ್ಸನ್ ಎಲ್-5 ಗಿಟಾರ್ ತಗೊಂಡಳು, ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ.

ಪ್ರಶ್ನೆ: ಎಲ್ಲಾ ಹಾಡಲ್ಲೂ ರೈಲು, ಜೈಲು, ಸಾವು. ಇವರಿಗೆ ಖುಷಿ ಅನ್ನೋದೇ ಇರ್ಲಿಲ್ವಾ?

ಉತ್ತರ: ಖುಷಿಗೆ ಫಿಡಲ್ ಇತ್ತು, ಅದಕ್ಕೆ ಮಾತು ಬೇಕಿರ್ಲಿಲ್ಲ. ಮಾತು ಬಂದಾಗ ಗಣಿ, ಗಿರಣಿ, ರೈಲ್ವೇಲಿ ದುಡಿಯೋರ ಬದುಕೇ ಬಂತು. ಡಾಕ್ ಬಾಗ್ಸ್ ಕಲ್ಲಿದ್ದಲ ಗಣಿಯವನು, ಚಾರ್ಲಿ ಪೂಲ್ ಬಟ್ಟೆ ಗಿರಣಿಯವನು. ಮತ್ತೆ ದುಃಖ ಚೆನ್ನಾಗಿ ಮಾರ್ತಿತ್ತು ಅನ್ನೋದೂ ನಿಜ. 1903ರಲ್ಲಿ ವರ್ಜೀನಿಯಾದ ಡ್ಯಾನ್‌ವಿಲ್ ಹತ್ರ ಒಂದು ಮೇಲ್ ಟ್ರೈನ್ ಸೇತುವೆಯಿಂದ ಬಿತ್ತು. ಆ ಅಪಘಾತದ ಹಾಡು ಒಂದು ಕಡೆ, ಜೈಲುಹಕ್ಕಿಯ ಗೋಳು ಇನ್ನೊಂದು ಕಡೆ ಇದ್ದ 1924ರ ರೆಕಾರ್ಡು ಹತ್ತು ಲಕ್ಷ ಪ್ರತಿ ದಾಟ್ತು. ಹಾಡಿದವನು ಹಳ್ಳಿಗನೇನಲ್ಲ, ನ್ಯೂಯಾರ್ಕಲ್ಲಿ ಆಪೆರಾ ಹಾಡ್ಕೊಂಡಿದ್ದವನು, ಟೆಕ್ಸಸ್‌ನ ಎರಡು ಊರಿನ ಹೆಸರು ಸೇರಿಸಿ ವರ್ನನ್ ಡಾಲ್‌ಹಾರ್ಟ್ ಅಂತ ತನಗೆ ತಾನೇ ಹೆಸರಿಟ್ಕೊಂಡಿದ್ದ.

ಪ್ರಶ್ನೆ: ಭಾಷೆ ಅರ್ಧ ಅರ್ಥ ಆಗಲ್ಲ, ಆ ಗುಡ್ಡ ನೋಡಿಲ್ಲ. ಆದ್ರೂ ಜಿಮ್ಮಿ ರಾಜರ್ಸ್ ಯೋಡೆಲ್ ಕೇಳಿದ್ರೆ ಮೈ ಜುಮ್ ಅನ್ನುತ್ತೆ. ನನಗೊಬ್ಬಳಿಗೇ ಹೀಗಾ?

ಉತ್ತರ: ಅಲ್ಲಮ್ಮ. ರಾಜರ್ಸ್ 1933ರ ಮೇ 26ಕ್ಕೆ ನ್ಯೂಯಾರ್ಕಿನ ಹೋಟೆಲಲ್ಲಿ ತೀರ್ಕೊಂಡ, 35 ವರ್ಷ, ಎರಡು ದಿನ ಮುಂಚೆ ತಾನೆ ಸ್ಟುಡಿಯೋದಲ್ಲಿ ಕೊನೇ ಹಾಡುಗಳನ್ನ ಹಾಡಿ ಮುಗಿಸಿದ್ದ. ಅವನ ರೆಕಾರ್ಡುಗಳು ಮಾತ್ರ ಓಡಾಡ್ಕೊಂಡೇ ಇದ್ವು, ಕೀನ್ಯಾದ ಕಿಪ್ಸಿಗಿಸ್ ಜನರ ಊರಿಗೂ ಹೋದ್ವು. 1950ರಲ್ಲಿ ಹ್ಯೂ ಟ್ರೇಸಿ ಅನ್ನೋ ಸಂಗ್ರಾಹಕ ಅಲ್ಲಿಗೆ ಹೋದಾಗ ಹುಡುಗಿಯರು ಒಂದು ಹಾಡು ಹಾಡಿದ್ರು, ಅದರ ತುಂಬ ಚೆಮಿರೋಚಾ, ಚೆಮಿರೋಚಾ ಅಂತ. ಜಿಮ್ಮಿ ರಾಜರ್ಸ್ ಅನ್ನೋ ಹೆಸರು ಅವರ ಬಾಯಲ್ಲಿ ಹಾಗಾಗಿತ್ತು. ಅವರ ಪ್ರಕಾರ ಅವನು ಅರ್ಧ ಮನುಷ್ಯ, ಅರ್ಧ ಜಿಂಕೆಯಂಥ ಪ್ರಾಣಿ. ಬಾ, ನಮ್ಮ ಜೊತೆ ಕುಣಿ ಅಂತ ಆ ಹುಡುಗಿಯರು ಅವನನ್ನ ಕರೀತಿದ್ರು.