ಫೋನ್ ಇಲ್ಲದ ತರಗತಿಯಲ್ಲೂ ಪೋಲ್ ನಡೆಯುತ್ತದೆ

ಪಾಠದ ನಡುವೆ, ಭಾಷಣದ ನಡುವೆ ಕೇಳುಗರಿಂದ ಆಗಿಂದಾಗ್ಗೆ ಉತ್ತರ ಪಡೆದು ಪರದೆಯ ಮೇಲೆ ತೋರಿಸುವ ಲೈವ್ ಪೋಲ್ ಬಗ್ಗೆ ಈ ಸಲ ಬಹಳ ಪ್ರಶ್ನೆಗಳು ಬಂದಿವೆ. ಕಲಬುರಗಿ, ಬೀದರ್, ಯಾದಗಿರಿಯ ಓದುಗರ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸೇಡಂ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ತರಬೇತಿಯೊಂದರಲ್ಲಿ ಮೆಂಟಿಮೀಟರ್, ಕಹೂಟ್ ಎಂಬ, ಫೋನಿನಲ್ಲೇ ಉತ್ತರ ಒತ್ತುವ ಪೋಲ್ ಆ್ಯಪ್‌ಗಳನ್ನು ತೋರಿಸಿದರು. ಚಂದ ಕಾಣಿಸಿತು. ಆದರೆ ನಮ್ಮಲ್ಲಿ ಮಕ್ಕಳು ಫೋನ್ ತರುವಂತಿಲ್ಲ. ಒಂಬತ್ತನೇ ತರಗತಿಯಲ್ಲಿ 52 ಮಕ್ಕಳಿದ್ದಾರೆ. ಇದನ್ನೆಲ್ಲ ಮರೆತುಬಿಡಬೇಕಾ ಸರ್?

ಖಂಡಿತ ಬೇಡ ಮೇಡಂ. ಮಕ್ಕಳ ಕೈಯಲ್ಲಿ ಫೋನ್ ಇರಲೇಬೇಕು ಅಂತಿಲ್ಲ. ನಿಮ್ಮ ಒಂದು ಫೋನ್ ಸಾಕು.

ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಅದರಲ್ಲಿ ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಮೇಲೆ ಕ್ಯೂಆರ್ ಕೋಡ್ ತರಹದ ಕಪ್ಪು ಚಿತ್ರ, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡ್ ಹಿಡಿಯುತ್ತದೆ. ನೀವು ಫೋನ್ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ. ಮಾಮೂಲಿ ಸೆಟ್‌ನಲ್ಲಿ 40 ಕಾರ್ಡ್, ದೊಡ್ಡದರಲ್ಲಿ 63. ನಿಮಗೆ ದೊಡ್ಡದು ಬೇಕು. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ರೀತಿ, ಅಕ್ಷರಗಳೂ ಸಣ್ಣವು. ಹಾಗಾಗಿ ಪಕ್ಕದವರದು ನೋಡಿ ಹಿಡಿಯುವುದು ಕಷ್ಟ. ಕಾರ್ಡ್ ಬಾಳಿಕೆ ಬರಲಿ ಅಂತ ಮಿರಿಮಿರಿ ಹೊಳೆಯುವ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ನಮ್ಮ ಕಡೆಯ ಬಿಸಿಲು ಕಿಟಕಿಯಿಂದ ಬಿದ್ದರೆ ಕ್ಯಾಮೆರಾಕ್ಕೆ ಬರೀ ಹೊಳಪೇ ಕಾಣುತ್ತದೆ. ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿದರೆ ಸಾಕು.

ಅದೂ ಆಗದಿದ್ದರೆ? ನಾಲ್ಕು ಬಣ್ಣದ ಕಾಗದ ತುಂಡು ಮಾಡಿ ಹಂಚಿ. ಎಲ್ಲರೂ ಎದೆಯ ಹತ್ತಿರ ಹಿಡಿದುಕೊಳ್ಳಲಿ. ನೀವು ‘ಈಗ’ ಅಂದಾಗ ಒಟ್ಟಿಗೇ ಎತ್ತಲಿ. ಇದನ್ನು ಕಡಿಮೆ ದರ್ಜೆಯದು ಅಂದುಕೊಳ್ಳಬೇಡಿ. ಕೆನಡಾದ ಕಾಲೇಜೊಂದರಲ್ಲಿ ನಥಾನಿಯಲ್ ಲಾಸ್ರಿ ಎಂಬ ಭೌತಶಾಸ್ತ್ರ ಅಧ್ಯಾಪಕರು ಎರಡನ್ನೂ ಹೋಲಿಸಿ ನೋಡಿ 2008ರಲ್ಲಿ ಪ್ರಕಟಿಸಿದ್ದಾರೆ. ಒಂದು ತಂಡಕ್ಕೆ ಬಟನ್ ಒತ್ತುವ ಕ್ಲಿಕ್ಕರ್, ಇನ್ನೊಂದಕ್ಕೆ ಬರೀ ಕಾರ್ಡ್. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಕಲಿಯುವುದು ಉಪಕರಣದಿಂದಲ್ಲ, ಪ್ರಶ್ನೆಯಿಂದ ಮತ್ತು ಆ ಪ್ರಶ್ನೆ ಹುಟ್ಟಿಸುವ ಮಾತುಕತೆಯಿಂದ.

ಆದ್ದರಿಂದ ನಿಮ್ಮ ಶ್ರಮವನ್ನೆಲ್ಲ ಪ್ರಶ್ನೆಗೆ ಹಾಕಿ. ಒಂಬತ್ತನೇ ತರಗತಿಯ ಗುರುತ್ವದ ಪಾಠಕ್ಕೆ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಕಲ್ಲನ್ನು ನೇರ ಮೇಲಕ್ಕೆ ಎಸೆದಿದ್ದೀರಿ. ಅದು ತುತ್ತತುದಿ ಮುಟ್ಟಿದ ಆ ಕ್ಷಣದಲ್ಲಿ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಏನು? ಎ) ಸೊನ್ನೆ. ಬಿ) ಮೇಲ್ಮುಖವಾಗಿ 9.8 ಮೀ/ಸೆ². ಸಿ) ಕೆಳಮುಖವಾಗಿ 9.8 ಮೀ/ಸೆ². ಡಿ) ಎಸೆದ ಜೋರಿನ ಮೇಲೆ ಹೋಗುತ್ತದೆ. ಸೂತ್ರ ಬಾಯಿಪಾಠ ಹೇಳುವ ಮಕ್ಕಳೂ ಇಲ್ಲಿ ‘ಎ’ ಎತ್ತುತ್ತಾರೆ, ನೋಡಿ. ವೇಗ ಸೊನ್ನೆಯಾದರೆ ವೇಗೋತ್ಕರ್ಷವೂ ಸೊನ್ನೆ ಅಂತ ಅವರ ಲೆಕ್ಕ. ಆಗ ಕೇಳಿ: ‘ವೇಗವೂ ಇಲ್ಲ, ವೇಗ ಬದಲಾಗುವುದೂ ಇಲ್ಲ ಅಂದರೆ ಕಲ್ಲು ಅಲ್ಲೇ ನಿಂತುಬಿಡಬೇಕಲ್ವಾ? ಮತ್ತೆ ಕೆಳಗೆ ಯಾಕೆ ಬಿತ್ತು?’ ಸರಿ ಉತ್ತರ ‘ಸಿ’ ಅಂತ ನೀವು ಹೇಳುವ ಮೊದಲೇ ಯಾರಾದರೂ ಹೇಳುತ್ತಾರೆ.

ಪುಸ್ತಕದ ಸಾಲನ್ನೇ ತಿರುವಿ ಕೇಳುವ ಪ್ರಶ್ನೆಗೆ ಪೋಲ್ ಬೇಡ. ತಪ್ಪು ಆಯ್ಕೆಗಳು ನಿಜವಾಗಿ ಮಕ್ಕಳ ತಲೆಯಲ್ಲಿರುವ ತಪ್ಪುಗಳೇ ಆಗಿರಬೇಕು. ಅವು ಎಲ್ಲಿ ಸಿಗುತ್ತವೆ? ಹೋದ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ. ಅಷ್ಟು ಒಳ್ಳೆಯ ಪ್ರಶ್ನೆ ಬ್ಯಾಂಕ್ ಬೇರೆ ಎಲ್ಲೂ ಇಲ್ಲ.

ಪ್ರಶ್ನೆ: ಬೀದರ್‌ನ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಉಪನ್ಯಾಸಕ. ಕಹೂಟ್ ಹಾಕಿದರೆ ತರಗತಿ ಜಾತ್ರೆಯಾಗುತ್ತದೆ, ಹುಡುಗರಿಗೆ ಭಾರಿ ಖುಷಿ. ಆದರೆ ಪರೀಕ್ಷೆಯಲ್ಲಿ ಅದೇ ತಪ್ಪುಗಳು. ಎಲ್ಲಿ ಕೆಡುತ್ತಿದೆ?

ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಹಾಗಾಗಿ ಯೋಚಿಸಿದವರು ಹಿಂದೆ ಬೀಳುತ್ತಾರೆ. ನೆನಪಿನಿಂದ ಉತ್ತರಿಸುವ ಪ್ರಶ್ನೆಗೆ ಇದು ನಡೆಯುತ್ತದೆ, ಅರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆಗೆ ನಡೆಯುವುದಿಲ್ಲ. ಮೊದಲು ಸಮಯ ಹೆಚ್ಚಿಸಿ. 4 ನಿಮಿಷದವರೆಗೂ ಕೊಡಬಹುದು. ಆ ಪ್ರಶ್ನೆಗೆ ಅಂಕವೇ ಬೇಡ ಅಂತಲೂ ಸೆಟ್ ಮಾಡಬಹುದು.

ಆದರೆ ದೊಡ್ಡ ತೊಂದರೆ ಬೇರೆ ಇದೆ ಅಂತ ನನ್ನ ಅಂದಾಜು. ಉತ್ತರ ಬಂದ ಕೂಡಲೇ ನೀವು ಸರಿ ಯಾವುದು ಅಂತ ತೋರಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೀರಿ, ಅಲ್ವಾ? ಪಾಠ ಶುರುವಾಗಬೇಕಾದ ಜಾಗದಲ್ಲೇ ಮುಗಿದುಹೋಗುತ್ತಿದೆ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಒಂದು ಕ್ರಮ ರೂಪಿಸಿದರು. ಪ್ರಶ್ನೆ ಕೊಡುವುದು. ಒಂದೆರಡು ನಿಮಿಷ ಎಲ್ಲರೂ ಮಾತಿಲ್ಲದೆ ಯೋಚಿಸಿ ಮತ ಹಾಕುವುದು. ಫಲಿತಾಂಶವನ್ನು ಮೇಷ್ಟ್ರು ಮಾತ್ರ ನೋಡುವುದು. ಸರಿ ಉತ್ತರ ಕೊಟ್ಟವರು ಸುಮಾರು 30ರಿಂದ 70 ಪ್ರತಿಶತ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದ ಮಾಡಿ ಅಂತ ಬಿಡುವುದು. ಆಮೇಲೆ ಅದೇ ಪ್ರಶ್ನೆಗೆ ಮತ್ತೆ ಮತ. ಕೊನೆಗೆ ವಿವರಣೆ. 30ಕ್ಕಿಂತ ಕಡಿಮೆ ಬಂದರೆ ಚರ್ಚೆಗೆ ಬಿಡದೆ ಪಾಠವನ್ನೇ ಇನ್ನೊಂದು ಸಲ ಮಾಡುವುದು. 70 ದಾಟಿದರೆ ಚುಟುಕಾಗಿ ಹೇಳಿ ಮುಂದೆ ಹೋಗುವುದು.

ಮೊದಲ ಮತದ ಲೆಕ್ಕ ತೋರಿಸುವ ಬಾರ್‌ಗಳನ್ನು ಪರದೆಯ ಮೇಲೆ ತೋರಿಸಬೇಡಿ. ಇದು ಬಹಳ ಮುಖ್ಯ. ಎತ್ತರದ ಬಾರ್ ಕಂಡರೆ ಎಲ್ಲರೂ ಅತ್ತ ವಾಲುತ್ತಾರೆ, ವಾದವೇ ಹುಟ್ಟುವುದಿಲ್ಲ. ಇಂಥ ಎಷ್ಟೋ ಆ್ಯಪ್‌ಗಳಲ್ಲಿ ಫಲಿತಾಂಶ ಮುಚ್ಚಿಡುವ ಸೌಲಭ್ಯ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಪ್ರೊಜೆಕ್ಟರನ್ನೇ ಒಂದು ನಿಮಿಷ ಮುಚ್ಚಿ.

ನಿಮ್ಮ ವಿಷಯಕ್ಕೇ ಬರೋಣ. ಪೂರೈಕೆ ರೇಖೆ, ಅಂದರೆ ಯಾವ ಬೆಲೆಗೆ ಎಷ್ಟು ಸರಕು ಮಾರಾಟಕ್ಕೆ ಬರುತ್ತದೆ ಅಂತ ತೋರಿಸುವ ಗೆರೆ, ತೆಗೆದುಕೊಳ್ಳಿ. ‘ತೊಗರಿ ಬೆಲೆ ಏರಿತು. ಮುಂದಿನ ಹಂಗಾಮಿಗೆ ರೈತರು ಜಾಸ್ತಿ ಎಕರೆಯಲ್ಲಿ ತೊಗರಿ ಬಿತ್ತಿದರು. ಇದು ಪೂರೈಕೆ ರೇಖೆಯ ಮೇಲೇ ಆದ ಚಲನೆಯೋ, ರೇಖೆಯೇ ಬಲಕ್ಕೆ ಸರಿದದ್ದೋ?’ ಮತ ಎರಡು ಪಾಲಾಗುತ್ತದೆ. ಚರ್ಚೆಗೆ ಬಿಡಿ. ಮರುಮತ ಆದ ಮೇಲೆ ಇನ್ನೊಂದು ಕೇಳಿ: ‘ಬೆಲೆ ಅಷ್ಟೇ ಇದೆ, ರೋಗ ತಡೆಯುವ ಹೊಸ ತಳಿಯಿಂದ ಇಳುವರಿ ಹೆಚ್ಚಿತು. ಈಗ?’ ಮೊದಲನೆಯದು ರೇಖೆಯ ಮೇಲಿನ ಚಲನೆ, ಏಕೆಂದರೆ ಬದಲಾದದ್ದು ತೊಗರಿಯದೇ ಬೆಲೆ. ಎರಡನೆಯದರಲ್ಲಿ ರೇಖೆಯೇ ಸರಿಯುತ್ತದೆ. ಹುಮನಾಬಾದ್, ಭಾಲ್ಕಿ ಕಡೆಯ ರೈತರ ಮಕ್ಕಳಿಗೆ ಇದು ಮನೆಯ ಮಾತು. ಅವರು ವಾದಿಸುವ ರೀತಿ ಕೇಳಿದರೆ ನಿಮಗೇ ಪಾಠ ಹೇಳುವ ಹೊಸ ದಾರಿ ಕಾಣಬಹುದು.

‘ಇಬ್ಬರಿಗೂ ಗೊತ್ತಿಲ್ಲ ಅಂದಮೇಲೆ ಮಾತಾಡಿ ಏನು ಬಂತು’ ಅಂತ ಎಷ್ಟೋ ಉಪನ್ಯಾಸಕರು ಕೇಳುತ್ತಾರೆ. ಇದನ್ನು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ತಳಿಶಾಸ್ತ್ರದ ತರಗತಿಯಲ್ಲಿ ಪರೀಕ್ಷಿಸಿದರು. ಚರ್ಚೆಯಾದ ಮೇಲೆ ಅದೇ ತತ್ವದ ಬೇರೆ ಪ್ರಶ್ನೆ ಕೊಟ್ಟು ನೋಡಿದರು. ಗುಂಪಿನಲ್ಲಿ ಮೊದಲು ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದರೂ ಚರ್ಚೆಯಿಂದ ತಿಳಿವಳಿಕೆ ಹೆಚ್ಚಿತ್ತು. ಸೈನ್ಸ್ ಪತ್ರಿಕೆಯಲ್ಲಿ 2009ರಲ್ಲಿ ಬಂದ ಈ ಅಧ್ಯಯನ ನನಗೆ ಬಹಳ ಧೈರ್ಯ ಕೊಟ್ಟಿದೆ. ಮಕ್ಕಳ ಗದ್ದಲವನ್ನು ಐದು ನಿಮಿಷ ತಾಳಿಕೊಳ್ಳುವ ಧೈರ್ಯ.

ಒಂದು ಗಂಟೆಗೆ ಇಂಥ ಎರಡು ಪ್ರಶ್ನೆ ಸಾಕು ಸರ್. ಇಪ್ಪತ್ತು ಬೇಡ.

ಪ್ರಶ್ನೆ: ಆಳಂದದಲ್ಲಿ ನಮ್ಮ ಮಗಳ ಶಾಲೆಯಲ್ಲಿ ಮಕ್ಕಳ ಹೆಸರು ಹಾಕಿ ಇಂಥ ಆ್ಯಪ್ ಬಳಸುತ್ತಾರಂತೆ. ಭಯ ಪಡಬೇಕಾ?

ಭಯ ಬೇಡ, ಆದರೆ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ತಂದೆ-ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಅದು. ಪೋಲ್‌ಗೆ ಹೆಸರು, ಫೋಟೊ, ಫೋನ್ ನಂಬರ್ ಯಾವುದೂ ಬೇಕಿಲ್ಲ. ಹಾಜರಿ ನಂಬರ್ ಹಾಕಿದರೂ ಕೆಲಸ ನಡೆಯುತ್ತದೆ. ಶಾಲೆಗೆ ಹೋಗಿ ಇಷ್ಟನ್ನೇ ಹೇಳಿ: ‘ಹೆಸರಿನ ಬದಲು ನಂಬರ್ ಹಾಕಿ ಮೇಡಂ.’ ಇನ್ನೊಂದು ಮಾತು. ಯಾರು ತಪ್ಪು ಉತ್ತರ ಕೊಟ್ಟರು ಅಂತ ಪರದೆಯ ಮೇಲೆ ತೋರಿಸುತ್ತಿದ್ದರೆ ಅದನ್ನು ನಿಲ್ಲಿಸಲು ಹೇಳಿ. ಹೆದರಿದ ಮಗು ಮುಂದಿನ ಸಲ ತಾನು ಯೋಚಿಸಿದ್ದನ್ನು ಒತ್ತುವುದಿಲ್ಲ, ಗೆಳತಿ ಒತ್ತಿದ್ದನ್ನು ಒತ್ತುತ್ತದೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ರೈತರಿಗೆ ತರಬೇತಿ ಕೊಡುತ್ತೇನೆ. ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಕೈ ಎತ್ತಿ ಅಂದರೆ, ಊರ ಹಿರಿಯರು ಎತ್ತಿದಾಗ ಎಲ್ಲರೂ ಎತ್ತುತ್ತಾರೆ. ಹೆಣ್ಣುಮಕ್ಕಳು ಎತ್ತುವುದೇ ಇಲ್ಲ. ಆ್ಯಪ್ ತಂದರೆ ಸರಿಹೋಗುತ್ತಾ?

ಆ್ಯಪ್ ತಂದರೆ ಸ್ಮಾರ್ಟ್‌ಫೋನ್ ಇದ್ದವರ ಮತ ಮಾತ್ರ ಸಿಗುತ್ತದೆ. ನೀವು ಹೇಳುವ ಹೆಣ್ಣುಮಕ್ಕಳು ಮತ್ತೆ ಹೊರಗೇ ಉಳಿಯುತ್ತಾರೆ. ನಿಮಗೆ ಬೇಕಾದದ್ದು ಗುಟ್ಟಿನ ಮತ. ಅದಕ್ಕೆ ಎರಡು ಮಣ್ಣಿನ ಗಡಿಗೆ, ಒಂದು ಪರದೆ ಸಾಕು. ‘ಹೌದು’ ಅನ್ನುವ ಗಡಿಗೆಯ ಮೇಲೆ ಹಸಿರು ಬಟ್ಟೆ, ‘ಇಲ್ಲ’ ಅನ್ನುವುದರ ಮೇಲೆ ಕೆಂಪು. ಗಂಡಸರ ಕೈಗೆ ಒಂದೊಂದು ಜೋಳದ ಕಾಳು, ಹೆಂಗಸರ ಕೈಗೆ ಒಂದೊಂದು ತೊಗರಿ ಕಾಳು ಕೊಡಿ. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಹಾಕಿ ಬರಲಿ. ಎಲ್ಲರೆದುರು ಸುರಿದು ಎಣಿಸಿ. ಯಾರು ಹಾಕಿದರು ಅಂತ ಗೊತ್ತಾಗುವುದಿಲ್ಲ. ಗಂಡಸರು ಎಷ್ಟು, ಹೆಂಗಸರು ಎಷ್ಟು ಅಂತ ಮಾತ್ರ ಬೇರೆಬೇರೆ ಗೊತ್ತಾಗುತ್ತದೆ. ಅಕ್ಷರ ಬರಬೇಕಿಲ್ಲ, ಕರೆಂಟ್ ಬೇಕಿಲ್ಲ. ಗುರುಮಠಕಲ್ ಕಡೆ ತೆಲುಗು ಮಾತಾಡುವವರಿಗೂ ಅರ್ಥವಾಗುತ್ತದೆ.

ಕೇಳುವ ಪ್ರಶ್ನೆ ಅವರ ಹೊಲದ್ದಾಗಿರಲಿ. ‘ನೆಟೆ ರೋಗ ಬಂದ ಹೊಲದಲ್ಲೇ ಮರುವರ್ಷ ಮತ್ತೆ ತೊಗರಿ ಹಾಕಿದ್ದೀರಾ?’ ಹೌದು ಅನ್ನುವುದಕ್ಕೆ ಎಲ್ಲರೆದುರು ನಾಚಿಕೆ, ಕಾಳು ಹಾಕಲು ನಾಚಿಕೆಯಿಲ್ಲ. ಗಿಡವನ್ನು ಒಣಗಿಸುವ ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಬೇರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಕಾಳು ಎಣಿಸಿದ ಮೇಲೆ ಬೆಳೆ ಬದಲಾವಣೆ, ಟ್ರೈಕೊಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೀಜೋಪಚಾರದ ಮಾತು ತೆಗೆಯಿರಿ. ಆಗ ಅದು ಅವರದೇ ಲೆಕ್ಕಕ್ಕೆ ಉತ್ತರವಾಗಿರುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಚಾರ ಸಂಕಿರಣದಲ್ಲಿ ನೂರು ಜನರ ಎದುರು ಪ್ರಬಂಧ ಮಂಡಿಸಬೇಕು. ಶುರುವಿಗೆ ಕನ್ನಡದಲ್ಲಿ ವರ್ಡ್ ಕ್ಲೌಡ್ (ಜನ ಬರೆದ ಪದಗಳಲ್ಲಿ ಹೆಚ್ಚು ಸಲ ಬಂದದ್ದು ದೊಡ್ಡದಾಗಿ ಕಾಣುವ ಚಿತ್ರ) ಮಾಡಿಸಬಹುದಾ?

ಮಾಡಿಸಬಹುದು, ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡಿಸುತ್ತಿರಲಿಲ್ಲ. ವರ್ಡ್ ಕ್ಲೌಡ್ ಅರ್ಥ ನೋಡುವುದಿಲ್ಲ, ಅಕ್ಷರ ನೋಡುತ್ತದೆ. ಒಬ್ಬರು ‘ನೀರು’, ಇನ್ನೊಬ್ಬರು ‘ನೀರಿನ ಕೊರತೆ’, ಮತ್ತೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮೂರು ಬೇರೆಬೇರೆ ಮಾತಾಗುತ್ತವೆ. ಎಲ್ಲವೂ ಚಿಕ್ಕದಾಗಿ ಚದುರಿ ಕೂರುತ್ತವೆ. ಸಭೆಯ ಮನಸ್ಸು ಒಂದೇ ಕಡೆ ಇದ್ದರೂ ಪರದೆಯಲ್ಲಿ ಕಾಣುವುದಿಲ್ಲ. ಬದಲಿಗೆ ನಾಲ್ಕು ಆಯ್ಕೆ ಬರೆದು ಒಂದನ್ನು ಒತ್ತಲು ಹೇಳಿ. ಆಯ್ಕೆಗಳು ಚಿಕ್ಕದಾಗಿರಲಿ, ಫೋನ್ ಪರದೆಯಲ್ಲಿ ಕನ್ನಡದ ಉದ್ದ ಸಾಲು ಮುರಿದು ಬೀಳುತ್ತದೆ.

ಕೊನೆಯಲ್ಲಿ ಪ್ರಶ್ನೆ ಕೇಳಿಸಿಕೊಳ್ಳಲು ಸ್ಲೈಡೊ ಎಂಬ ಆ್ಯಪ್ ಚೆನ್ನ. ಮೈಕ್ ಹಿಡಿಯಲು ಹಿಂಜರಿಯುವವರು ಅಲ್ಲಿ ಬರೆಯುತ್ತಾರೆ. ಬೇರೆಯವರ ಪ್ರಶ್ನೆಗೆ ಲೈಕ್ ಒತ್ತಿದರೆ ಅದು ಮೇಲೆ ಬರುತ್ತದೆ. ಬಂದ ಪ್ರಶ್ನೆಯನ್ನು ಗೆಳೆಯರೊಬ್ಬರು ನೋಡಿ ಒಪ್ಪಿದ ಮೇಲೆ ಪರದೆಗೆ ಬರುವಂತೆ ಸೆಟ್ ಮಾಡಿ. ಕನ್ನಡದ ಬೈಗುಳವನ್ನು ಆ್ಯಪ್ ತಾನಾಗಿಯೇ ತಡೆಯುತ್ತದೆ ಅಂತ ನಂಬಬೇಡಿ.

ನೂರು ಜನರಿಗೆ ನಿಮ್ಮ ಹಾಟ್‌ಸ್ಪಾಟ್ ಸಾಲದು. ಮಾಮೂಲಿ ಫೋನ್ ಹತ್ತರ ಆಸುಪಾಸು ಸಂಪರ್ಕಕ್ಕೇ ಸುಸ್ತಾಗುತ್ತದೆ. ಜನ ತಮ್ಮ ಡೇಟಾದಲ್ಲೇ ಬರಲಿ, ಪೋಲ್‌ಗೆ ಡೇಟಾ ಬಹಳ ಕಡಿಮೆ ಸಾಕು. ಹಿಂದಿನ ದಿನವೇ ಆ ಸಭಾಂಗಣಕ್ಕೆ ಹೋಗಿ, ಕೊನೆಯ ಸಾಲಿನ ಮೂಲೆಯಲ್ಲಿ ಕುಳಿತು ನೆಟ್‌ವರ್ಕ್ ನೋಡಿ. ಉಚಿತ ಖಾತೆಯಲ್ಲಿ ಎಷ್ಟು ಜನ ಸೇರಬಹುದು ಅಂತಲೂ ಮೊದಲೇ ಓದಿಕೊಳ್ಳಿ, ಆ ಮಿತಿ ಆಗಾಗ ಬದಲಾಗುತ್ತದೆ. ಪೋಲ್‌ಗೆ ಸೇರಲು ಕ್ಯೂಆರ್ ಕೋಡ್ ಜೊತೆಗೆ ಅಂಕಿಯ ಕೋಡನ್ನೂ ದಪ್ಪಗೆ ಹಾಕಿ. ಕರೆಂಟ್ ಹೋದರೆ ಅದೇ ನಾಲ್ಕು ಆಯ್ಕೆಗಳನ್ನು ಗಟ್ಟಿಯಾಗಿ ಓದಿ, ಕಣ್ಣು ಮುಚ್ಚಿಸಿ, ಕೈ ಎತ್ತಿಸಿ ಎಣಿಸಿ.